ಎರಡನೆಯ ಸಲ ಕೇಳದ ಊರು

ಪೆರಾಬೆ
೩ ನವೆಂಬರ್ ೨೦೨೪

ಕೂಸು ಚಿನ್ಮಯಿಗೆ,

ನಿನ್ನ ಮಾವ ಶ್ರೀರಾಮ ಬರೆಯುವುದು. ಕಾಗದ ತಲುಪಿತು. ನಮ್ಮ ಪೋಸ್ಟಿನ ಧರ್ಮಪಾಲ ಅದನ್ನು ಮಿಲ್ಲಿಗೇ ತಂದು, ಹಿಟ್ಟು ಬೀಸಲು ಬಂದವರಿಗೆಲ್ಲ ಜರ್ಮನಿಯ ಸ್ಟಾಂಪು ತೋರಿಸಿ, ಆಮೇಲೆ ನನ್ನ ಕೈಗೆ ಕೊಟ್ಟ.

"ಎಂತ ಶ್ರೀರಾಮಣ್ಣ, ನಿಮಗೂ ಫಾರಿನ್ನಿಂದ ಕಾಗದ ಬರ್ಲಿಕ್ಕೆ ಶುರುವಾಯ್ತಾ?"

"ಮೊದಲೆಲ್ಲ ಸರಕಾರದವರೇ ತಂದು ಕೊಡ್ತಿದ್ದರು, ಈಗ ನಿನ್ನ ಕೈಯಲ್ಲಿ ಕಳಿಸ್ಲಿಕ್ಕೆ ಹೇಳಿದ್ದೇನೆ" ಎಂದೆ. ಅವನು ನಂಬಲಿಲ್ಲ. ಹಿಟ್ಟಿಗೆ ಬಂದವರಲ್ಲಿ ಇಬ್ಬರು ನಂಬಿದರು.

ಕಾಗದವೇ ಬರೆ ಎಂದು ನಾನು ಹಟ ಹಿಡಿದದ್ದು ಯಾಕೆಂದು ಈಗ ನಿನಗೆ ಗೊತ್ತಾಗಿರಬೇಕು. ನೀನು ಫೋನು ಮಾಡಿದರೆ ನಿನ್ನ ಅಮ್ಮ ಸ್ಪೀಕರ್ ಹಾಕುತ್ತಾಳೆ. ಈಶ್ವರಿ ಅಕ್ಕನಿಗೆ ಸಣ್ಣಂದಿನಿಂದಲೂ ಒಬ್ಬಳೇ ಕೇಳುವ ಅಭ್ಯಾಸ ಇಲ್ಲ. ಅಜ್ಜಾವರದ ನಿಮ್ಮ ಮನೆಯ ಚಾವಡಿಯಲ್ಲಿ ನೆರೆಕರೆಯವರೂ ಸೇರಿ ನಿನ್ನ ಸ್ವರ ಕೇಳುತ್ತಾರೆ. ನಿನ್ನ ಅಪ್ಪ ಪೇಪರು ಅಡ್ಡ ಹಿಡಿದು ಕೂತು, ಒಂದು ಮಾತೂ ಆಡದೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ನೀನು "ಚೆನ್ನಾಗಿದ್ದೇನೆ" ಎಂದು ಹೇಳಿ ಇಡುತ್ತೀ. ಮತ್ತೇನು ಹೇಳಲಿಕ್ಕೆ ಆಗುತ್ತದೆ? ಕಾಗದಕ್ಕೆ ಸ್ಪೀಕರ್ ಇಲ್ಲ.

ಆರು ತಿಂಗಳು ಪರೀಕ್ಷೆಯ ಕಾಲ, ಮಾರ್ಚ್ ಕೊನೆಗೆ ಇಟ್ಟುಕೊಳ್ಳುತ್ತೇವೋ ಕಳಿಸುತ್ತೇವೋ ಹೇಳುತ್ತೇವೆ ಎಂದಿದ್ದಾರಂತೆ. ಇಟ್ಟುಕೊಳ್ಳದೆ ಎಲ್ಲಿ ಹೋಗುತ್ತಾರೆ? ಯಜ್ಞೇಶ್ವರ ಭಾವ ನೀನು ಹೊರಟ ದಿನ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಉಂಟು. "ಪ್ರಾಯದ ಅಜ್ಜ ಅಜ್ಜಿಯರ ಚಾಕರಿ ಕಲಿಲಿಕ್ಕೆ ಸಮುದ್ರ ದಾಟಬೇಕಾ? ನೋಡ್ತಾ ಇರು, ಅರ್ಧ ವರ್ಷದಲ್ಲಿ ವಾಪಸ್ ಬರ್ತಾಳೆ." ಇಡೀ ಕುಟುಂಬದಲ್ಲಿ ಹೋಗು ಎಂದವನು ನಾನೊಬ್ಬ. ಆದುದರಿಂದ ಅಲ್ಲಿ ಪರೀಕ್ಷೆ ಇರುವುದು ನಿನಗೆ ಮಾತ್ರ ಎಂದು ತಿಳಿಯಬೇಡ.

ಇನ್ನು ಆ ಭಾನುವಾರದ ಊಟದ ಸುದ್ದಿ. ಓದಿದವನು ಮಿಲ್ಲು ನಿಲ್ಲಿಸಿ ನಕ್ಕೆ. ನಿಮ್ಮ ಪ್ರಾಯದವರ ಮನೆಯ ಮುಖ್ಯಸ್ಥೆ ಲೇಮಾನಮ್ಮ ಹೊಸಬರನ್ನೆಲ್ಲ ತಮ್ಮ ಮನೆಗೆ ಕರೆದರು. ಆಲೂಗಡ್ಡೆಯ ದೋಸೆ, ಮೇಲಕ್ಕೆ ಸೇಬಿನ ಗೊಜ್ಜು. ಬೆಳಿಗ್ಗೆಯಿಂದ ಹಸಿದಿದ್ದ ನೀನು ಮೇಜಿಗೆ ಕೂತೆ. "ಬೇಕಾ?" ಎಂದು ಕೇಳಿದರು. ಮರ್ಯಾದಸ್ಥರ ಮನೆಯ ಕೂಸು ನೀನು, "ಅಯ್ಯೋ, ಬೇಡ" ಎಂದೆ. ತಟ್ಟೆ ಮುಂದಿನವರಿಗೆ ಹೋಯಿತು. ಹೋದದ್ದು ತಿರುಗಿ ಬರಲಿಲ್ಲ! ನೀನು ರೂಮಿಗೆ ಹೋಗಿ ಒಣ ಬ್ರೆಡ್ಡು ತಿಂದು ಅತ್ತುಬಿಟ್ಟೆಯಂತೆ. ಅಷ್ಟಾಗುವಾಗ ನಿನ್ನ ನೀಲಾವತಿ ಅತ್ತೆ ಒಳಗಿನಿಂದ ಬಂದು, "ಕೂಸು ಹಸಿದು ಮಲಗಿದೆ, ನಿಮಗೆ ಹಲ್ಲು ಕಿಸಿಯುದಾ?" ಎಂದು ಬೈದಳು. ಮತ್ತೆ ನಗಲಿಲ್ಲ.

ಕೂಸೇ, ಬಡಿಸುವ ವಿಷಯದಲ್ಲಿ ಈ ಸೀಮೆಯಲ್ಲಿ ನನ್ನ ಮಾತಿಗೆ ಮೇಲೆ ಮಾತಿಲ್ಲ. ಕಡಬದಿಂದ ಸುಳ್ಯದವರೆಗೆ ಯಾರ ಮನೆಯಲ್ಲಿ ಮದುವೆ, ಮುಂಜಿ, ಯಾವ ಜಂಬರ ಇದ್ದರೂ ಹೋಳಿಗೆಯ ಹರಿವಾಣ ನನ್ನ ಕೈಗೇ ಬರುವುದು. ಉಣ್ಣುವವ ಬೇಡ ಎನ್ನುತ್ತಾನೆ, ಅದು ಅವನ ಮರ್ಯಾದೆ. ನಾನು ಕಿವಿ ಕೇಳದವನ ಹಾಗೆ ಹಾಕುತ್ತೇನೆ, ಅದು ನನ್ನ ಮರ್ಯಾದೆ. ಎಲೆಗೆ ಅಡ್ಡ ಕೈ ಹಿಡಿದರೆ ಬೆರಳಿನ ಸಂದಿಯಲ್ಲಿ ತುಪ್ಪ ಹೊಯ್ಯುತ್ತೇನೆ. ನನ್ನ ಪಂಕ್ತಿಯಲ್ಲಿ ಒಂದೇ ಹೋಳಿಗೆ ತಿಂದು ಎದ್ದ ಗಂಡಸು ಇನ್ನೂ ಹುಟ್ಟಲಿಲ್ಲ.

ಹಾಗಾಗಿ ನಾನು ಹೇಳಿದಂತೆ ಮಾಡು. ನಿನಗೆ ಯಾರಾದರೂ ಕೊಟ್ಟರೆ ನಾಚಿಕೆ ಬಿಟ್ಟು ಮೊದಲ ಸಲವೇ ಹೂಂ ಎನ್ನು. ಆದರೆ ಸೌಟು ನಿನ್ನ ಕೈಯಲ್ಲಿ ಇರುವಾಗ ನಮ್ಮ ಕ್ರಮ ಬಿಡಬೇಡ. ಏನು ಕೊಟ್ಟರೂ ಬೇಡ ಎಂದು ಗೋಡೆಯ ಕಡೆಗೆ ತಿರುಗುವ ಅಜ್ಜಿ ಒಬ್ಬಳಿದ್ದಾಳೆ ಎಂದು ಬರೆದಿದ್ದೀಯಲ್ಲ, ಕ್ಲೋಸಮ್ಮ? ಅವಳನ್ನು ಈ ವರೆಗೆ ಯಾರೂ ಎರಡನೆಯ ಸಲ ಕೇಳಿರಲಿಕ್ಕಿಲ್ಲ. ನೀನು ಒತ್ತಾಯ ಮಾಡಿ ಬಡಿಸು. ನಿನ್ನನ್ನು ಮಗಳು ಎಂದು ಕರೆಯದಿದ್ದರೆ ಆಮೇಲೆ ಹೇಳು.

ಶೀತಕ್ಕೆ ಕಿವಿ ಮುಚ್ಚಿಕೊಂಡು, ಬುದ್ಧಿಗೆ ತೆರೆದುಕೊಂಡು ಇರತಕ್ಕದ್ದು.
ಶ್ರೀರಾಮ ಮಾವ


ಗೋರ್ಲಿಟ್ಸ್
೨೪ ನವೆಂಬರ್ ೨೦೨೪

ಪ್ರೀತಿಯ ಮಾವ,

ನೀವು ಹೇಳಿದ ಹಾಗೆಯೇ ಮಾಡಿದೆ. ಈಗ ಕೆಲಸ ಹೋಗುವ ಹಾಗಾಗಿದೆ.

ಫ್ರಾವ್ ಕ್ಲೋಸೆಗೆ ಎಂಬತ್ತೆಂಟು ವರ್ಷ ಹತ್ತಿರ. (ಫ್ರಾವ್ ಎಂದರೆ ನಮ್ಮಲ್ಲಿ ಹೆಸರಿನ ಮುಂದೆ ಅಮ್ಮ ಸೇರಿಸಿದ ಹಾಗೆ. ನೀವು ಕರೆದದ್ದೇ ಸರಿ.) ಬುಧವಾರ ಮಧ್ಯಾಹ್ನ ಅವರಿಗೆ ಕುಂಬಳಕಾಯಿಯ ಸಾರು ತೆಗೆದುಕೊಂಡು ಹೋದೆ. ಸ್ವಲ್ಪ ಕುಡಿದು ಸಾಕು ಎಂದರು. ನಾನು ನಕ್ಕು, ಇನ್ನೊಂದು ಸೌಟು ಹಾಕಿದೆ. "ಬೇಡ, ಧನ್ಯವಾದ" ಎಂದರು. ಬೇಡ ಎನ್ನುವಾಗಲೂ ಧನ್ಯವಾದ ಹೇಳುತ್ತಾರೆ, ಮರ್ಯಾದೆಯ ಬೇಡವೇ ಇರಬೇಕು ಎಂದುಕೊಂಡು ಮತ್ತೊಂದು ಹಾಕಿದೆ. ಮೂರನೆಯದಕ್ಕೆ ಅವರು ಬಟ್ಟಲನ್ನು ಹಾಸಿಗೆಯ ಮೇಲೆ ಮಗುಚಿದರು. ಆಮೇಲೆ ಅಳಲಿಕ್ಕೆ ಶುರುಮಾಡಿದರು. ಬಿಳಿ ಹಾಸಿಗೆಯಲ್ಲಿ ಹಳದಿ ಸಾರು, ನಡುವೆ ಸಣ್ಣ ಮಗುವಿನ ಹಾಗೆ ಅಳುವ ಅಜ್ಜಿ. ನಾನು ಸೌಟು ಹಿಡಿದು ನಿಂತೇ ಇದ್ದೆ.

ಫ್ರಾವ್ ಲೇಮಾನ್ ಕರೆಸಿದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಕುರ್ಚಿ ತೋರಿಸಿ ಹೇಳಿದರು: "ಇಲ್ಲಿಗೆ ಬರುವವರು ತಮ್ಮ ಮನೆಯ ಬೀಗದ ಕೈಯನ್ನು ಇನ್ನೊಬ್ಬರಿಗೆ ಕೊಟ್ಟು ಬಂದವರು. ಯಾವಾಗ ಏಳಬೇಕು, ಯಾವಾಗ ಸ್ನಾನ ಮಾಡಬೇಕು ಎಂದು ನಾವು ಹೇಳುತ್ತೇವೆ. ಅವರದ್ದು ಎಂದು ಉಳಿದಿರುವುದು ಬೇಡ ಎನ್ನುವ ಒಂದು ಮಾತು. ನೀನು ಅದನ್ನೂ ಕಿತ್ತುಕೊಂಡೆ."

ಇನ್ನೊಂದು ಸಲ ಇಂಥದ್ದು ಆದರೆ ಮಾರ್ಚ್ ವರೆಗೆ ಕಾಯುವುದಿಲ್ಲ, ಆಗದಿದ್ದರೂ ಮಾರ್ಚ್‌ನಲ್ಲಿ ಏನು ಹೇಳಬೇಕೆಂದು ಗೊತ್ತಿಲ್ಲ ಎಂದರು.

ಮಾವ, ಇಲ್ಲಿ ಯಾರೂ ಕೆಟ್ಟವರಲ್ಲ. ಎರಡನೆಯ ಸಲ ಕೇಳುವುದಿಲ್ಲ, ಅಷ್ಟೆ. "ಹೇಗಿದ್ದೀ?" "ಚೆನ್ನಾಗಿದ್ದೇನೆ." ಮುಗಿಯಿತು. ನಮ್ಮಲ್ಲಿ ಚೆನ್ನಾಗಿದ್ದೇನೆ ಎಂದರೆ ಅಮ್ಮ "ಮತ್ತೆ ಮುಖ ಯಾಕೆ ಹೀಗೆ?" ಎನ್ನುತ್ತಾಳೆ. ಆಗ ತಾನೇ ಮಾತು ಶುರುವಾಗುವುದು! ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ. ಬಸ್ಸಿನ ಕಿಟಕಿಯಲ್ಲಿ ನನ್ನ ಮುಖ ನಾನೇ ನೋಡಿ, ಯಾಕೆ ಹೀಗೆ ಎಂದು ನಾನೇ ಕೇಳಿಕೊಳ್ಳುತ್ತೇನೆ.

ಅಪ್ಪನಿಗೆ ಹೇಳಬೇಡಿ. ಹೇಳಿದರೆ ಅವರ ಮಾತೇ ನಿಜವಾಗುತ್ತದೆ.

ನಿಮ್ಮ ಮೇಲೆ ಅರ್ಧ ಕೋಪ, ಅರ್ಧ ನೆನಪು ಇಟ್ಟುಕೊಂಡು,
ಚಿನ್ಮಯೀ


ಪೆರಾಬೆ
೬ ಡಿಸೆಂಬರ್ ೨೦೨೪

ಚಿನ್ಮಯೀ,

ಕಾಗದ ಓದಿ ನನಗೆ ಭಯಂಕರ ಕೋಪ ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಮಿಲ್ಲಿನ ಬೆಲ್ಟಿಗೆ ಬೈದೆ. ಅದು ತುಂಡಾಯಿತು.

ನೀನು ಹೇಳಿದ ಹಾಗೆ ಯಾರಿಗೂ ಹೇಳಲಿಲ್ಲ. ನೀಲಾವತಿಗೆ ಮಾತ್ರ ಹೇಳಿದೆ. ಅವಳು ಈಶ್ವರಿ ಅಕ್ಕನಿಗೆ ಮಾತ್ರ ಹೇಳಿದಳು. ಅಕ್ಕ ಯಾರಿಗೂ ಹೇಳಲಿಲ್ಲ, ಫೋನಿನಲ್ಲಿ ಇವಳ ಮಾತು ಕೇಳುವಾಗ ಸ್ಪೀಕರ್ ಹಾಕಿದ್ದಳು. ಭಾವ ಪೇಪರು ಮಡಚಿ ಇಷ್ಟೇ ಹೇಳಿದರಂತೆ: "ಬರ್ಲಿ. ಟಿಕೆಟ್ ನಾನು ಮಾಡಿಸ್ತೇನೆ." ಆ ಮಾತಿನಲ್ಲಿ ಕೋಪ ಇರಲಿಲ್ಲ ಎಂದು ಅಕ್ಕ ಹೇಳುತ್ತಾಳೆ. ಗೆದ್ದ ಸಂತೋಷವೂ ಇರಲಿಲ್ಲವಂತೆ. ಮತ್ತೆ ಎಂತ ಇತ್ತು ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ.

ಆದರೆ ನೀನು ಬರತಕ್ಕದ್ದಲ್ಲ. ಈ ಮಾವ ಇರುವಾಗ ನಿನಗೆ ಯಾಕೆ ಹೆದರಿಕೆ? ಏಳನೆಯ ಕ್ಲಾಸಿನಲ್ಲಿ ಅರ್ಜಿ ಬರೆಯುವುದರಲ್ಲಿ ನಾನು ಶಾಲೆಗೇ ಮೊದಲಿಗ. ಎಂಟನೆಯ ಕ್ಲಾಸು ನಮ್ಮೂರಿನಲ್ಲಿ ಇರಲಿಲ್ಲ, ಇದ್ದಿದ್ದರೆ ಅಲ್ಲಿಯೂ ನಾನೇ. ಇದರೊಟ್ಟಿಗೆ ಒಂದು ಅರ್ಜಿ ಇಟ್ಟಿದ್ದೇನೆ. ಒಂದಕ್ಷರ ಬಿಡದೆ ಅವರ ಭಾಷೆಗೆ ಮಾಡಿ ಲೇಮಾನಮ್ಮನಿಗೆ ಓದಿ ಹೇಳು.

ಗಡಿಬಿಡಿಯಲ್ಲಿ,
ನಿನ್ನ ಮಾವ


(ಅದರೊಟ್ಟಿಗೆ ಇಟ್ಟ ಅರ್ಜಿ)

ಇವರಿಂದ: ಶ್ರೀರಾಮ, ಹಿಟ್ಟಿನ ಮಿಲ್ಲಿನ ಯಜಮಾನ, ಪೆರಾಬೆ, ಕಡಬ ತಾಲೂಕು.
ಇವರಿಗೆ: ಮಾನ್ಯ ಲೇಮಾನ್ ಅಮ್ಮನವರು, ಪ್ರಾಯದವರ ಮನೆ, ಜರ್ಮನಿ ದೇಶ.
ವಿಷಯ: ನನ್ನ ಸೊಸೆಯು ಸಾರು ಬಡಿಸಿದ ಬಗ್ಗೆ.

ಮಾನ್ಯರೇ,

ತಮ್ಮಲ್ಲಿ ಕೆಲಸ ಕಲಿಯುತ್ತಿರುವ ನನ್ನ ಅಕ್ಕನ ಮಗಳು ಚಿನ್ಮಯೀ ಎಂಬವಳು, ಬೇಡವೆಂದರೂ ಅಜ್ಜಿಯ ಬಟ್ಟಲಿಗೆ ಸಾರು ಹಾಕಿದ್ದು ನಿಜ. ಅವಳಿಗೆ ಹಾಗೆ ಹೇಳಿಕೊಟ್ಟವನು ನಾನು. ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡತಕ್ಕದ್ದು. ವಿಳಾಸ ಮೇಲೆ ಇದೆ.

ನಮ್ಮ ಸೀಮೆಯಲ್ಲಿ ಉಣ್ಣಲು ಕೂತವನು ಬೇಡ ಎಂದರೆ ಅವನನ್ನು ಹಾಗೆಯೇ ಬಿಟ್ಟು ಹೋಗುವ ಕ್ರಮವಿಲ್ಲ. ಹಾಗೆ ಬಿಟ್ಟರೆ ಅವನು ಮನೆಗೆ ಹೋಗಿ, "ನನ್ನನ್ನು ಕೇಳುವವರಿಲ್ಲ" ಎಂದು ಹೇಳುತ್ತಾನೆ. ಕೇಳುವವರಿಲ್ಲದೆ ಹೋಗುವುದು ನಮ್ಮಲ್ಲಿ ಮನುಷ್ಯನಿಗೆ ಬರಬಹುದಾದ ಅತ್ಯಂತ ಕಷ್ಟದ ಗತಿ. ತಮ್ಮ ಅಜ್ಜಿಗೆ ಆ ಗತಿ ಬಾರದಿರಲಿ ಎಂದು ನಮ್ಮ ಕೂಸು ಮೂರು ಸಲ ಬಡಿಸಿದ್ದಾಳೆ. ಸಾರು ಹೆಚ್ಚಾಗಿದೆ, ಮನಸ್ಸು ಕೆಟ್ಟದ್ದಲ್ಲ.

ತಮ್ಮ ಕ್ರಮವೂ ಇರಬಹುದು. ನಾನು ಅದನ್ನು ನೋಡಿದವನಲ್ಲ. ಆದರೆ ತಾವು ನಮ್ಮ ಕಡೆಗೆ ಒಮ್ಮೆ ಬರಬೇಕು. ನಾನೇ ಬಡಿಸುತ್ತೇನೆ. ತಾವು ಬೇಡ ಎಂದು ನೋಡಿರಿ.

ಇಂತೀ ತಮ್ಮ ವಿಶ್ವಾಸಿ,
ಶ್ರೀರಾಮ


ಗೋರ್ಲಿಟ್ಸ್
೧೨ ಜನವರಿ ೨೦೨೫

ಪ್ರೀತಿಯ ಮಾವ,

ನಿಮ್ಮ ಅರ್ಜಿಯನ್ನು ಹರಿದು ಬಿಸಾಡಬೇಕೆಂದು ಇದ್ದೆ. ಆಮೇಲೆ, ಹೇಗೂ ಕಳಿಸುತ್ತಾರಲ್ಲ, ಓದಿಯೇ ಹೋಗುವ ಎಂದು ಧೈರ್ಯ ಮಾಡಿದೆ. "ಸಾರು ಬಡಿಸಿದ ಬಗ್ಗೆ" ಎನ್ನುವಾಗ ಫ್ರಾವ್ ಲೇಮಾನ್ ತುಟಿ ಕಚ್ಚಿಕೊಂಡರು. "ವಿಳಾಸ ಮೇಲೆ ಇದೆ" ಎನ್ನುವಾಗ ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ಒಂದು ಪ್ರಶ್ನೆ ಕೇಳಿದರು.

"ಹಾಗಾದರೆ ನಿಮ್ಮಲ್ಲಿ ನಿಜವಾಗಿಯೂ ಹೊಟ್ಟೆ ತುಂಬಿದವನು ಏನು ಮಾಡುತ್ತಾನೆ?"

ಮೇಜಿನ ಮೇಲೆ ಒಂದು ಕಾಗದ ಎಲೆಯ ಹಾಗೆ ಇಟ್ಟು ತೋರಿಸಿದೆ. ಎರಡೂ ಕೈ ಅಡ್ಡ ಹಿಡಿದು, ಎದೆ ಬಗ್ಗಿಸಿ, ಮೈಯಲ್ಲೇ ಎಲೆಯನ್ನು ಮುಚ್ಚುವುದು. ಅವರು ಆ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು ಕೇಳಿದರು.

"ಫ್ರಾವ್ ಕ್ಲೋಸೆ ಆ ದಿನ ಹೀಗೆ ಹಿಡಿದಿರಲಿಲ್ಲವಾ?"

ಹಿಡಿದಿದ್ದರು ಮಾವ. ಎರಡೂ ಕೈಯನ್ನು ಬಟ್ಟಲಿನ ಮೇಲೆ ಇಟ್ಟಿದ್ದರು. ನಾನು ನಿಮ್ಮ ಹಾಗೆ ಬದಿಯಿಂದ ಹೊಯ್ದಿದ್ದೆ. ಇಲ್ಲಿಯ ಕ್ರಮ ಗೊತ್ತಿಲ್ಲದೆ ತಪ್ಪಿದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ನಮ್ಮ ಕ್ರಮದಲ್ಲಿಯೂ ಅದು ತಪ್ಪೇ.

ಮರುದಿನದಿಂದ ಫ್ರಾವ್ ಕ್ಲೋಸೆಯ ಕೋಣೆಗೆ ಹೋಗಿ ಒಂದೇ ಸಲ ಕೇಳತೊಡಗಿದೆ. ಬೇಡ ಎನ್ನುತ್ತಿದ್ದರು. ತಟ್ಟೆಯನ್ನು ಮೇಜಿನ ಮೇಲೆ ಇಟ್ಟು ನಿಲ್ಲುತ್ತಿದ್ದೆ. ಅ‍ವರು ಗೋಡೆ ನೋಡುತ್ತಿದ್ದರು, ನಾನು ಅವರ ಬೆನ್ನು ನೋಡುತ್ತಿದ್ದೆ. ಕ್ರಿಸ್‌ಮಸ್ಸಿನ ಹಿಂದಿನ ದಿನ ಉಳಿದವರ ಮನೆಯವರೆಲ್ಲ ಬಂದಿದ್ದರು, ಇವರಿಗೆ ಯಾರೂ ಬಂದಿರಲಿಲ್ಲ. ನಾನು ಎಂದಿನಂತೆ ನಿಂತಿದ್ದೆ. ಅವರು ತಟ್ಟನೆ ಈಚೆ ತಿರುಗಿ, "ನೀನು ಊಟ ಮಾಡುವುದೇ ಇಲ್ಲವಾ? ದಿನಾ ಪೊಲೀಸಿನ ಹಾಗೆ ನಿಲ್ಲುತ್ತೀಯಲ್ಲ!" ಎಂದರು.

ನಮ್ಮಲ್ಲಿ ಬಡಿಸುವವರು ಕೊನೆಗೆ ಉಣ್ಣುವುದು ಎಂದೆ.

"ಹಾಗಾದರೆ ನಿಮ್ಮಲ್ಲಿ ಉಣ್ಣುವವರು ಒಬ್ಬರೇ ಉಣ್ಣಬೇಕಾ? ಎಂಥ ಶಿಕ್ಷೆ."

ನಾನು ಅಡಿಗೆಮನೆಗೆ ಓಡಿ ಹೋಗಿ ನನಗೂ ಒಂದು ತಟ್ಟೆ ತಂದೆ. ಬೇಯಿಸಿದ ಆಲೂಗಡ್ಡೆ, ಜೊತೆಗೆ ಗಟ್ಟಿ ಮೊಸರಿನಂಥದ್ದೊಂದು. ಅವರ ಎದುರು ಕುರ್ಚಿ ಎಳೆದು ಕೂತು ತಿಂದೆ. ಪ್ರಾಯದವರು ಊಟ ಮುಗಿಸುವ ಮೊದಲು ನಾನು ತುತ್ತು ಎತ್ತಿದ್ದು ಅದೇ ಮೊದಲು. ಮಾವ, ಅವರು ತಿಂದರು. ಪೂರ್ತಿ ಅಲ್ಲ. ಆದರೆ ತಾವೇ ಚಮಚ ಎತ್ತಿ ತಿಂದರು.

ಆಮೇಲೆ ಕಿಟಕಿ ತೋರಿಸಿದರು. ಇಲ್ಲಿ ಊರಿನ ಬದಿಗೇ ನದಿ, ನದಿಯ ಆಚೆ ಬೇರೆ ದೇಶ. ಆಚೆಯ ಒಂದು ಹಳ್ಳಿ ಅವರದ್ದು. ೧೯೪೫ರಲ್ಲಿ ಯುದ್ಧ ಮುಗಿದು ಗಡಿ ಬದಲಾಗಿ, ಎಂಟು ವರ್ಷದ ಹುಡುಗಿ ಅಮ್ಮನೊಟ್ಟಿಗೆ ಕೈಗಾಡಿ ದೂಡಿಕೊಂಡು ಈಚೆ ಬಂದದ್ದಂತೆ. ಈಗ ಸೇತುವೆ ದಾಟಿದರೆ ಆಚೆ ಹೋಗಬಹುದು, ಅವರು ಹೋಗಲೇ ಇಲ್ಲ. "ಮೊದಲು ಈ ಊರಿನವರು ನನ್ನ ಉಚ್ಚಾರ ಕೇಳಿ ನಗುತ್ತಿದ್ದರು. ನಿನ್ನದು ನನ್ನದಕ್ಕಿಂತ ವಾಸಿ" ಎಂದು ಹೇಳಿ ಅವರೇ ನಕ್ಕರು. ಅವರ ಅಮ್ಮ ಕ್ರಿಸ್‌ಮಸ್ಸಿಗೆ ಹಾಲು, ಸಕ್ಕರೆ, ಬ್ರೆಡ್ಡು ಹಾಕಿ ಗಸಗಸೆಯದ್ದೊಂದು ಸಿಹಿ ಮಾಡುತ್ತಿದ್ದರಂತೆ. ನಮ್ಮಲ್ಲಿ ಅದಕ್ಕೇ ಪಾಯಸ ಎನ್ನುತ್ತೇವೆ, ಬ್ರೆಡ್ಡು ಹಾಕುವುದಿಲ್ಲ ಎಂದೆ. "ಬ್ರೆಡ್ಡು ಇಲ್ಲದೆ ಅದು ಹೇಗೆ ಆಗುತ್ತದೆ?" ಎಂದು ಜಗಳಕ್ಕೇ ಬಂದರು.

ಮಾರ್ಚ್‌ನಲ್ಲಿ ಏನಾಗುತ್ತದೋ ಗೊತ್ತಿಲ್ಲ. ಆದರೆ ಇವತ್ತು ಬಸ್ಸಿನ ಕಿಟಕಿಯಲ್ಲಿ ಮುಖ ನೋಡಿಕೊಳ್ಳುವುದು ಮರೆತುಹೋಯಿತು.

ಕೋಪ ಮುಗಿದು ನೆನಪು ಮಾತ್ರ ಉಳಿದವಳು,
ಚಿನ್ಮಯೀ


ಪೆರಾಬೆ
೯ ಫೆಬ್ರವರಿ ೨೦೨೫

ಚಿನ್ಮಯೀ,

ಗಸಗಸೆಯ ವಿಷಯದಲ್ಲಿ ಆ ಅಜ್ಜಿಗೆ ಸೋಲಬೇಡ. ಪಾಯಸಕ್ಕೆ ಬ್ರೆಡ್ಡು ಹಾಕಿದರೆ ನಿನ್ನ ಅತ್ತೆ ನಿನ್ನನ್ನು ಒಳಗೆ ಸೇರಿಸುವುದಿಲ್ಲ.

ಇನ್ನು ನಾನು ಮಾಡಿದ ಒಂದು ದೊಡ್ಡ ಕೆಲಸ ಕೇಳು. ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿನಲ್ಲಿಯೂ ಈಗ ಅದೇ ಸುದ್ದಿ.

ಕಬಕದಲ್ಲಿ ನಿನ್ನ ಅತ್ತೆಯ ಅಣ್ಣನ ಮಗ ಹರಿಪ್ರಸಾದನ ಹೊಸ ಮನೆಯ ಒಕ್ಕಲು, ಗೃಹಪ್ರವೇಶ, ಆಯಿತು. ಹೋಳಿಗೆಯ ಹರಿವಾಣ ನನ್ನ ಕೈಗೇ ಬಂತು, ಅದು ಹೇಳಬೇಕಾದ್ದಿಲ್ಲ. ನೀನು ಬರೆದದ್ದು ಮನಸ್ಸಿನಲ್ಲಿ ಕೊರೆಯುತ್ತಾ ಇತ್ತು. ಆ ಲೇಮಾನಮ್ಮನ ಕ್ರಮದಲ್ಲಿ ಎಂತ ಉಂಟು, ಒಮ್ಮೆ ನೋಡಿಯೇ ಬಿಡುವ ಎಂದು ಯಾರಿಗೂ ಹೇಳದೆ ತೀರ್ಮಾನ ಮಾಡಿದೆ. ಇವತ್ತು ಪ್ರತಿಯೊಬ್ಬರನ್ನೂ ಒಂದೇ ಸಲ ಕೇಳುವುದು. ಬೇಡ ಎಂದರೆ ಮುಂದೆ ಹೋಗುವುದು.

ಮೊದಲ ಎಲೆ. "ಹೋಳಿಗೆ ಬೇಕಾ?" "ಬೇಡ." ಮುಂದೆ ಹೋದೆ. ಎರಡನೆಯ ಎಲೆ, "ಬೇಡ ಬೇಡ." ಮುಂದೆ. ಮೂರನೆಯದ್ದು ನಿನ್ನ ಅಪ್ಪನ ಎಲೆ. ಯಜ್ಞೇಶ್ವರ ಭಾವನಿಗೆ ಹೋಳಿಗೆ ಎಂದರೆ ಎಷ್ಟು ಪ್ರಾಣ ಎಂದು ನಿನಗೆ ಗೊತ್ತುಂಟು. ನಾನು ಬರುವುದು ಕಂಡು ಅನ್ನವನ್ನು ಒಂದು ಬದಿಗೆ ಸರಿಸಿ, ಎಲೆಯ ನಡುವೆ ಜಾಗ ಮಾಡಿ, ಆಮೇಲೆ ಆಕಾಶ ನೋಡುತ್ತಾ "ಛೆ ಛೆ, ಬೇಡ" ಎಂದರು. ನಾನು ಮುಂದೆ ಹೋದೆ! ತಿರುಗಿ ನೋಡಿದರೆ ಭಾವ ಆ ಜಾಗವನ್ನೇ ನೋಡುತ್ತಾ ಕೂತಿದ್ದಾರೆ.

ಹೀಗೆ ಇಡೀ ಪಂಕ್ತಿ ಆಯಿತು. ಹರಿವಾಣ ತುಂಬಿದ್ದು ತುಂಬಿದ ಹಾಗೆಯೇ. ಹರಿಪ್ರಸಾದ ಶಲ್ಯ ಜಾರುವುದೂ ಗೊತ್ತಾಗದೆ ಓಡಿ ಬಂದ.

"ಮಾವ, ಎಂತ ಆಯ್ತು? ಯಾರ ಎಲೆಯಲ್ಲೂ ಹೋಳಿಗೆ ಇಲ್ಲ!"

"ಎಲ್ಲರೂ ಬೇಡ ಹೇಳಿದ್ರು ಮಾರಾಯ."

"ಎಲ್ಲರೂ ಬೇಡ ಹೇಳುದೇ ಅಲ್ವಾ ಮಾವ! ಅದಕ್ಕೇ ಅಲ್ವಾ ನಿಮ್ಮನ್ನು ಕರೆದದ್ದು!"

ಹರಿವಾಣ ಕಿತ್ತುಕೊಂಡು ತಾನೇ ಬಡಿಸಲು ಹೋದ. ಅಷ್ಟು ಹೊತ್ತಿಗೆ ಪಂಕ್ತಿಯವರಿಗೆ ರೋಷ ಬಂದಿತ್ತು, ಈ ಸಲ ನಿಜವಾಗಿಯೂ ಬೇಡ ಎಂದರು. ನಿನ್ನ ಅಪ್ಪ ಎಲೆ ಮಡಚಿಯೇ ಬಿಟ್ಟಿದ್ದರು. ಕೈ ತೊಳೆಯುವಲ್ಲಿ ಒಬ್ಬರು ಮಾತ್ರ, ಪುತ್ತೂರಿನವರು, ಸಕ್ಕರೆ ಕಾಯಿಲೆಯವರು, ನನ್ನ ಹತ್ತಿರ ಬಂದು ಸಣ್ಣ ಸ್ವರದಲ್ಲಿ, "ನಿಮ್ಮ ಪಂಕ್ತಿಯಲ್ಲಿ ಹೆದರದೆ ಉಂಡದ್ದು ಇದೇ ಮೊದಲು ಮಾರಾಯ್ರೆ" ಎಂದು ಹೇಳಿ ಹೋದರು. ಅದೊಂದು ಮಾತು ಕಾಲಿಗೆ ಮುಳ್ಳು ತಾಗಿದ ಹಾಗೆ ಇನ್ನೂ ಒಳಗೆ ಉಂಟು. ಅದನ್ನು ಇಲ್ಲಿಗೇ ಬಿಡುವ.

ನಾನು ಅಕ್ಕ-ಭಾವನ ಕಾರಿನಲ್ಲಿಯೇ ಅಜ್ಜಾವರಕ್ಕೆ ಹೊರಟಿದ್ದೆ. ಪುತ್ತೂರು ದಾಟುವವರೆಗೆ ಭಾವ ಹಾರ್ನು ಬಡಿಯುತ್ತಲೇ ಇದ್ದರು. ಆಮೇಲೆ ಸ್ಫೋಟ.

"ನಿನಗೆ ಎಂತ ಆಗಿದೆ ಶ್ರೀರಾಮ? ಅಷ್ಟು ಜನರ ಎದುರು ಒಂದು ಮಾತು ಒತ್ತಾಯ ಮಾಡ್ಲಿಕ್ಕೆ ಆಗುದಿಲ್ವಾ?"

"ನೀವು ಬೇಡ ಹೇಳಿದ್ರಿ ಭಾವ."

"ಬೇಡ ಹೇಳಿದ ಕೂಡ್ಲೆ ಹೋಗುದಾ? ನಾನೆಂತ ದಾರಿಯಲ್ಲಿ ಹೋಗುವವನಾ?"

"ಜರ್ಮನಿಯಲ್ಲಿ ಹಾಗೇ ಅಂತೆ. ನಿಮ್ಮ ಮಗಳು ಅಲ್ಲಿ ಹೋದ ಹೊಸತರಲ್ಲಿ ಹೀಗೇ ಹಸಿದು ಎದ್ದು ಬಂದದ್ದು. ನಿಮಗೆ ಒಂದು ಹೊತ್ತಿನ ಹೋಳಿಗೆ ತಪ್ಪಿದ್ದಕ್ಕೆ ಇಷ್ಟು ಉರೀತದಲ್ಲ? ಅವಳು ಅಲ್ಲಿ ದಿನಾ ಇರುದು."

ಅಕ್ಕ ಹಿಂದಿನ ಸೀಟಿನಿಂದ ನನ್ನ ಭುಜ ಚಿವುಟಿದಳು. ಜಾಲ್ಸೂರು ಹತ್ತಿರ ಬರುವಾಗ ಭಾವ, "ಈಗ ಅಲ್ಲಿ ಎಷ್ಟು ಗಂಟೆ ಆಗಿರಬಹುದು?" ಎಂದು ಕೇಳಿದರು. ಕಾರನ್ನು ಬದಿಗೆ ನಿಲ್ಲಿಸಿ, ಕೆಳಗೆ ಇಳಿದು, ಅಕ್ಕನ ಫೋನು ತೆಗೆದುಕೊಂಡು ಅಷ್ಟು ದೂರ ಹೋದರು. ಸ್ಪೀಕರ್ ಹಾಕಲಿಲ್ಲ. ನಾನು ಗ್ಲಾಸು ಇಳಿಸಿ ಕಿವಿ ಕೊಟ್ಟೆ, ಒಂದು ಲಾರಿ ಬಂತು, ಏನೂ ಕೇಳಿಸಲಿಲ್ಲ. ಎಂತ ಮಾತಾಡಿದರು ಎಂದು ನೀನೇ ಬರೆ. ಹೇಳಲಿಕ್ಕೆ ಆಗದಿದ್ದರೆ ಬೇಡ. ನೋಡು, ನಾನೂ ಒಂದೇ ಸಲ ಕೇಳಲು ಕಲಿತೆ.

ಮುಂದಿನ ಜಂಬರಕ್ಕೆ ಯಾರೂ ಕರೆಯದಿರಬಹುದಾದ,
ನಿನ್ನ ಮಾವ


ಗೋರ್ಲಿಟ್ಸ್
೨ ಏಪ್ರಿಲ್ ೨೦೨೫

ಪ್ರೀತಿಯ ಮಾವ,

ಅಪ್ಪ ಆ ದಿನ "ಊಟ ಆಯ್ತಾ?" ಎಂದು ಕೇಳಿದರು. ಆಯ್ತು ಎಂದೆ. "ಸರಿ ಆಯ್ತಾ?" ಎಂದರು. ಸರಿ ಆಯ್ತು ಎಂದೆ. ಒಂದು ಲಾರಿಯ ಸದ್ದು ಮುಗಿದ ಮೇಲೆ, "ಹೊಟ್ಟೆ ತುಂಬ ಆಯ್ತಾ?" ಎಂದು ಪುನಃ ಕೇಳಿದರು. ಅಷ್ಟೇ ಮಾತು. ಆಮೇಲಿಂದ ವಾರಕ್ಕೊಮ್ಮೆ ಅಮ್ಮನಿಗೆ ಗೊತ್ತಾಗದ ಹಾಗೆ ಹೊರಗೆ ಬಂದು ಫೋನು ಮಾಡುತ್ತಾರೆ. ಅಮ್ಮನಿಗೆ ಗೊತ್ತುಂಟು.

ಫೆಬ್ರವರಿಯಲ್ಲಿ ಒಂದು ಬಿಸಿಲಿನ ದಿನ ಫ್ರಾವ್ ಕ್ಲೋಸೆಯನ್ನು ಕೇಳಿದೆ, ಸೇತುವೆಯ ಆಚೆಗೆ ಹೋಗಿ ಬರೋಣವಾ ಎಂದು. ಬೇಡ ಎಂದರು. ಸರಿ ಎಂದು ಬಿಟ್ಟೆ. ಬಿಡುವುದು ಎಷ್ಟು ಕಷ್ಟ ಎಂದು ನಿಮಗೆ ಈಗ ಹೇಳಬೇಕಾದ್ದಿಲ್ಲ. ಇನ್ನೊಮ್ಮೆ ಕೇಳಲು ನಾಲಿಗೆ ತುದಿಗೆ ಬಂದದ್ದನ್ನು ಎಷ್ಟೋ ಸಲ ನುಂಗಿಕೊಂಡೆ. ಊಟಕ್ಕೆ ಮಾತ್ರ ದಿನಾ ಎದುರು ಕೂತೆ. ಹೋದ ವಾರ, ಆಲೂಗಡ್ಡೆ ಕತ್ತರಿಸುತ್ತಾ, ಯಾವುದೋ ಬೇರೆ ಮಾತಿನ ನಡುವೆ ಅವರೇ ಹೇಳಿದರು: "ನಾಳೆ ಮಳೆ ಇಲ್ಲದಿದ್ದರೆ ಹೋಗೋಣ."

ಫ್ರಾವ್ ಲೇಮಾನ್ ಒಪ್ಪಿಗೆ ಕೊಟ್ಟು, ತಾವೂ ಬಂದರು. ಗಾಲಿ ಕುರ್ಚಿ ದೂಡಿಕೊಂಡು ಹೋದೆವು. ಸೇತುವೆಯ ನಡುವೆ ಅವರು ಕೈ ಎತ್ತಿದರು, ನಿಲ್ಲಿಸಿದೆ. ಕೆಳಗೆ ನೀರು ನೋಡಿದರು, ಆಚೆಯ ಮನೆಗಳನ್ನು ನೋಡಿದರು. ಒಂದು ಮಗು ಐಸ್‌ಕ್ರೀಮ್ ತಿನ್ನುತ್ತಾ ಆಚೆಯಿಂದ ಈಚೆಗೆ ನಡೆದು ಹೋಯಿತು. ಅದನ್ನೇ ನೋಡುತ್ತಾ ಇದ್ದವರು, "ಸಾಕು" ಎಂದರು. ಇನ್ನು ಸ್ವಲ್ಪ ದೂರ ಅಷ್ಟೇ, ಹೋಗೋಣ ಎಂದು ನಾನು ಹೇಳಲಿಲ್ಲ ಮಾವ. ಕುರ್ಚಿ ತಿರುಗಿಸಿದೆ. ಬರುವಾಗ ಅವರು ನನ್ನ ಕೈಯ ಮೇಲೆ ಕೈ ಇಟ್ಟುಕೊಂಡೇ ಬಂದರು.

ಸೋಮವಾರ ಫ್ರಾವ್ ಲೇಮಾನ್ ಕರೆಸಿದರು. ಅದೇ ಕುರ್ಚಿ. ಅವರು ಹೇಳಿದ್ದು ಒಂದೇ ಮಾತು: "ಇರು."

ಮೂರು ವರ್ಷದ ಕಲಿಕೆ ಇನ್ನು ನಿಶ್ಚಿಂತೆಯಿಂದ ಮುಗಿಸಬಹುದು. ಹೊರಡುವಾಗ ನೋಡಿದೆ, ನಿಮ್ಮ ಅರ್ಜಿಯನ್ನು ನಮ್ಮ ಸಿಬ್ಬಂದಿಯ ಕೋಣೆಯ ಗೋಡೆಗೆ ಅಂಟಿಸಿದ್ದಾರೆ, ಕೆಳಗೆ ನಾನು ಮಾಡಿದ ಜರ್ಮನ್. ಹೊಸಬರು ಬಂದರೆ ಮೊದಲು ಅದನ್ನು ಓದಬೇಕಂತೆ. ಇದನ್ನು ಧರ್ಮಪಾಲನಿಗೆ ಹೇಳುವಾಗ ಸ್ವಲ್ಪ ಕಡಿಮೆ ಮಾಡಿ ಹೇಳಿ.

ಹಾಸ್ಟೆಲ್ ಬಿಟ್ಟು ಒಂದು ಸಣ್ಣ ಮನೆ ಹಿಡಿದಿದ್ದೇನೆ. ಕಿಟಕಿಯಲ್ಲಿ ನದಿ ಕಾಣುವುದಿಲ್ಲ, ಎದುರಿನ ಬೇಕರಿ ಕಾಣುತ್ತದೆ. ಇಷ್ಟು ದಿನ ಈ ಊರಿನಲ್ಲಿ ಯಾರು ಕರೆದರೂ ಹೋಗುವವಳು ನಾನಾಗಿದ್ದೆ. ಈಗ ನಾನೂ ಒಬ್ಬರನ್ನು ಕರೆಯಬಹುದು. ಮೊದಲು ಯಾರನ್ನು ಎಂದು ಯೋಚಿಸಬೇಕಾಗಲಿಲ್ಲ.

ಮಾವ, ಜೂನ್ ಜುಲೈಯ ಇಲ್ಲಿಯ ಬೇಸಿಗೆಯಲ್ಲಿ ಅತ್ತೆಯನ್ನು ಕರೆದುಕೊಂಡು ಇಲ್ಲಿಗೆ ಬರುತ್ತೀರಾ? ಅಪ್ಪ, ಅಮ್ಮನನ್ನೂ ಕರೆಯಿರಿ. ನಾನು ಈಗ ಇಲ್ಲಿಯವಳು. ಒಂದೇ ಸಲ ಕೇಳುತ್ತೇನೆ.

ತನ್ನ ಮನೆಯ ಬಾಗಿಲಿನಿಂದ ಬರೆಯುವ,
ಚಿನ್ಮಯೀ


ಪೆರಾಬೆ
೨೦ ಏಪ್ರಿಲ್ ೨೦೨೫

ಚಿನ್ಮಯೀ,

ಬರುತ್ತೇವೆ.

ಅಕ್ಕ ಈಗಲೇ ಹಪ್ಪಳ ಕಟ್ಟಲು ಶುರುಮಾಡಿದ್ದಾಳೆ. ನಿನ್ನ ಅಪ್ಪನನ್ನು ಕೇಳಲು ನಾನೇ ಅಜ್ಜಾವರಕ್ಕೆ ಹೋಗಿದ್ದೆ. "ಛೆ ಛೆ, ನನಗೆಂತಕ್ಕೆ? ಬೇಡ" ಎಂದರು.

ನಾಳೆ ಪುನಃ ಹೋಗುತ್ತೇನೆ.

ಮಾವ